ಗಿಣ್ಣು ಯಂತ್ರ ಮತ್ತು ಪುಟ್ಟತಾಯಮ್ಮನ ಮೊಳೆ

"ಬಾ ತುಂಗಕ್ಕ, ಕೂತ್ಕೋ! ಇವತ್ತಿಗೆ ನಿನ್ನ ಹೊಟ್ಟೆಯುರಿ ಬಂದ್!"

ಶ್ರೀಕಂಠ ಯಂತ್ರದ ಮೇಲೆ ಹೊದಿಸಿದ್ದ ಪಂಚೆಯನ್ನು ಸರ್ರನೆ ಎಳೆದ. ಬಚ್ಚಲುಮನೆಯ ತಾಮ್ರದ ಹಂಡೆ, ಅದರ ಸುತ್ತ ಗಾಜಿನ ಕೊಳವೆಗಳು, ಕೊನೆಯ ಕೊಳವೆಯ ಬಾಯಿಗೆ ಬೆಳ್ಳಿಯ ಒಳಲೆ! ಅಕ್ಕತಮ್ಮ ಇಬ್ಬರಿಗೂ ಅಮ್ಮ ಹಾಲು ಕುಡಿಸಿದ್ದು ಅದೇ ಒಳಲೆಯಲ್ಲಿ.

ತುಂಗಮ್ಮನ ಹೊಟ್ಟೆಯ ಗಡ್ಡೆಗೆ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ವಿಕಿರಣ, ಇಡುತ್ತಿದ್ದರು. ಗಡ್ಡೆಯೇನೋ ಕರಗುತ್ತಿತ್ತು, ಜೊತೆಗೆ ಕರುಳೂ ಬೆಂದು, ಅನ್ನ ಕಂಡರೆ ವಾಕರಿಕೆ. ಹೀಗೇ ಉಪವಾಸ ಕೂತರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಡೇರಿಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾಗಿದ್ದ ತಮ್ಮ ಅಂದಿನಿಂದ ಹಂಡೆ ಬಿಟ್ಟು ಏಳಲಿಲ್ಲ.

"ಹಾಲಲ್ಲಿ ಲ್ಯಾಕ್ಟೊಫೆರಿನ್ ಅಂತ ಒಂದು ಪ್ರೋಟೀನಿದೆ ಕಣಕ್ಕ. ಗಿಣ್ಣು ಹಾಲಲ್ಲಂತೂ ದಂಡಿ! ಕರೆಂಟಿನ ಏಟಿಂದ ಕರುಳನ್ನ ಕಾಯುತ್ತಂತೆ, ಇಲಿಗಳಿಗೆ ಕೊಟ್ಟು ನೋಡಿದಾರೆ."

"ನಾನೇನು ಇಲೀನೇನೋ?"

"ಅಲ್ವಲ್ಲ, ಅದಕ್ಕೇ ಯಂತ್ರ! ಪ್ರೋಟೀನಿನ ಕಸುವನ್ನ ಸಾವಿರ ಪಟ್ಟು ಏರಿಸುತ್ತೆ. ಒಂದೇ ತಾಪತ್ರಯ, ಅದು ಕಬ್ಬಿಣ ಕಂಡ್ರೆ ತಬ್ಕೊಂಡು ಬಿಡಲ್ಲ. ಅದಕ್ಕೇ ಎಲ್ಲಾ ತಾಮ್ರ, ಗಾಜು, ಬೆಳ್ಳಿ. ಕಬ್ಬಿಣದ ಸೋಂಕಿಲ್ಲ!"

ಗಿಣ್ಣು ಎಂಬ ಮಾತಿಗೇ ತುಂಗಮ್ಮನಿಗೆ ಹಳೆಯ ಸಂಜೆಗಳು ನೆನಪಾದವು. ದೀಪದ ಮುಂದೆ ಅಪ್ಪ ತೊಡೆ ತಟ್ಟಿಕೊಂಡು ರಾಗವಾಗಿ ಕಾವ್ಯ ಓದುತ್ತಿದ್ದರು. ಒಳಗಿನಿಂದ ಬೆಲ್ಲ, ಏಲಕ್ಕಿಯ ಘಮ. ಮಂಗಳ ಹಾಡುವವರೆಗೆ ಏಳುವಂತಿಲ್ಲ. ಹಾಡಿದ್ದೇ ತಡ, ಇಬ್ಬರೂ ಅಡಿಗೆಮನೆಗೆ ಓಟ, ಪಾತ್ರೆಯ ತಳದ ಕೆನ್ನಗಾದ ಗಿಣ್ಣಿಗಾಗಿ ಜುಟ್ಟು ಹಿಡಿದು ಜಗಳ! ಆ ದನಿಯೂ ಈಗಿಲ್ಲ, ಆ ಹಸಿವೂ ಇಲ್ಲ.

ಎದುರುಮನೆಯ ಪುಟ್ಟತಾಯಮ್ಮನ ಹಸು ಕರು ಹಾಕಿತ್ತು. ಆಕೆ ಎರಡು ಪಾತ್ರೆಗಳಿಗೆ ಸೆರಗು ಮುಚ್ಚಿಕೊಂಡು ಬಂದರು.

"ಚೊಂಬಲ್ಲಿರೋದು ಹಸಿ ಹಾಲು, ನಿಮ್ಮ ಮಿಷನ್ನಿಗೆ. ಹಿತ್ತಾಳೆ ತಪ್ಪಲೇಲಿರೋದು ಬೇಯಿಸಿದ ಗಿಣ್ಣು, ತುಂಗಮ್ಮಾರಿಗೆ."

ಶ್ರೀಕಂಠ ಹಾಲನ್ನು ಹಂಡೆಗೆ ಸುರಿದ. ಠಣ್! ಎಂದಿತು ಏನೋ. ಅವನು ಸ್ವಿಚ್ ಒತ್ತಿಯೇಬಿಟ್ಟ.

ನೊರೆ ಉಕ್ಕಿತು. ಹಂಡೆ ದಾಟಿತು. ಗೋಡೆ ಹತ್ತಿ ಕ್ಯಾಲೆಂಡರಿನ ಮೊಳೆಯನ್ನು ಕಿತ್ತಿತು! ಅಡಿಗೆಮನೆಯಿಂದ ದೋಸೆ ಹಂಚು ಉರುಳಿಕೊಂಡು ಬಂತು, ಹಿಂದೆಯೇ ಈಳಿಗೆಮಣೆ, ಅದರ ಹಿಂದೆ ಸ್ಟೀಲಿನ ಲೋಟ, ಚಮಚಗಳ ಮೆರವಣಿಗೆ.

"ಕಬ್ಬಿಣದ ರುಚಿ ಹತ್ತಿದೆ ಇದಕ್ಕೆ! ಯಾರು ಹತ್ತಿಸಿದ್ದು?"

"ಚೊಂಬಲ್ಲಿ ಮೊಳೆ ಇತ್ತಲ್ಲ," ಎಂದರು ಪುಟ್ಟತಾಯಮ್ಮ. "ಗಿಣ್ಣಾಲು ಬೀದಿ ದಾಟಿಸುವಾಗ ದೃಷ್ಟಿಗೆ ಅಂತ ಒಂದು ಮೊಳೆ ಹಾಕ್ದೆ ತರ್ತಾರೇನ್ರೀ?"

"ಅಯ್ಯೋ ನಿಮ್ಮ!" ಎನ್ನುವಷ್ಟರಲ್ಲಿ ಶ್ರೀಕಂಠನ ಜನಿವಾರಕ್ಕೆ ಕಟ್ಟಿದ್ದ ಬೀಗದ ಕೈ ನೊರೆಯತ್ತ ನೆಗೆಯಿತು. ಜನಿವಾರ ಬಿಡಲಿಲ್ಲ, ಬೀಗದ ಕೈಯೂ ಬಿಡಲಿಲ್ಲ, ಶ್ರೀಕಂಠನೇ ಹೊರಟ! ಹಿಂದೆಯೇ ಬೀದಿಯ ಗೇಟು ಕೀಲು ಸಮೇತ ಒಳಗೆ ಬಂತು. ಆಮೇಲೆ ಎಲ್ಲವೂ ಒಟ್ಟಿಗೆ ಗಟ್ಟಿಯಾಗಿ, ಹಜಾರದ ನಡುವೆ ಗಿಣ್ಣಿನ ಗುಡ್ಡವೊಂದು ಗಡಗಡ ಅಲುಗಿತು. ತುದಿಯಲ್ಲಿ ಶ್ರೀಕಂಠನ ತಲೆ.

ತುಂಗಮ್ಮ ನಕ್ಕರು. ಆಸ್ಪತ್ರೆಯ ಕರೆಂಟ್ ಶುರುವಾದ ಮೇಲೆ ಮೊದಲ ನಗು. ನಗುವಿನ ಹಿಂದೆಯೇ, ಏನಾಶ್ಚರ್ಯ, ಹೊಟ್ಟೆ ಚುರ್ ಎಂದಿತು! ಚಮಚ ಒಂದೂ ಉಳಿದಿರಲಿಲ್ಲ. ಗುಡ್ಡದಿಂದ ಹೊರಚಾಚಿದ್ದ ಕೊಳವೆಯ ಬೆಳ್ಳಿಯ ಒಳಲೆ ಬಿಚ್ಚಿಕೊಂಡು ಗಿಣ್ಣಿನ ತಪ್ಪಲೆಗೆ ಹಾಕಿದರು.

"ಅಕ್ಕಾ! ಅದು ಬೇಯಿಸಿದ್ದು! ಪ್ರೋಟೀನು ಸತ್ತಿರುತ್ತೆ!"

"ಸಾಯಲಿ ಬಿಡೋ. ನಾನು ಬದುಕ್ತೀನಿ."

ತುತ್ತು ಇಳಿಯಿತು, ಇನ್ನೊಂದೂ ಇಳಿಯಿತು. ವಾಕರಿಕೆ ಬರಲಿಲ್ಲ. ತಳ ಕೆರೆದಾಗ ಸಿಕ್ಕ ಕೆನ್ನಗಿನ ಚೂರನ್ನು ಒಂದು ಗಳಿಗೆ ನೋಡಿ, ಎದ್ದು ಹೋಗಿ ಗುಡ್ಡದ ಮೇಲಿನ ಬಾಯಿಗೆ ಇಟ್ಟರು. "ತಗೋ. ಈ ಸಲ ಜುಟ್ಟು ಹಿಡಿಯೋಕೆ ನಿನಗೆ ಕೈಯೂ ಇಲ್ಲ."

ಪುಟ್ಟತಾಯಮ್ಮ ಕಿತ್ತುಹೋದ ಗೇಟನ್ನೂ ಬೋಳು ಗೋಡೆಯನ್ನೂ ನೋಡಿ ನಿಟ್ಟುಸಿರುಬಿಟ್ಟರು. "ಸದ್ಯ, ಮೊಳೆ ಹಾಕಿದ್ದೆ. ಇಲ್ದಿದ್ರೆ ಯಾರ ದೃಷ್ಟಿ ತಾಗಿ ಏನೇನು ಅನಾಹುತ ಆಗ್ತಿತ್ತೋ!"