ಕಡ್ಲೆಗೆ ನಾನು ಕೂರಲು ಕಲಿಸಿದ್ದು

ಕೊಲ್ಲಿ ದೇಶದಲ್ಲಿ, ಮೀನಾ ಅಬ್ದುಲ್ಲಾ ಎಂಬ ಊರಿನ ರಿಫೈನರಿಯಲ್ಲಿ ನಾನು ಎಂಜಿನಿಯರ್. ಅಲ್ಲಿ ಆಳೆತ್ತರದ ವಾಲ್ವುಗಳು ನಾನು ಗುಂಡಿ ಒತ್ತಿದರೆ ತೆರೆಯುತ್ತವೆ, ಇನ್ನೊಂದು ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಎದುರು ಮಾತಾಡಿದ ವಾಲ್ವನ್ನು ನಾನು ಈವರೆಗೆ ಕಂಡಿಲ್ಲ. ಇಂಥವನಿಗೆ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಒಂದು ನಾಯಿ ಯಾವ ಲೆಕ್ಕ! ಹೀಗೆಂದು ನಾನು ತಿಳಿದಿದ್ದೆ. ತಿಳಿದು ಸುಮ್ಮನಿದ್ದರೆ ಚೆನ್ನಾಗಿತ್ತು. ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಅದೊಂದು ಶುಕ್ರವಾರ. ಸಾಲ್ಮಿಯಾದ ನಮ್ಮ ಫ್ಲಾಟಿನಲ್ಲಿ ನನ್ನ ಹೆಂಡತಿ ವೀಣಾ ದೋಸೆ ಹುಯ್ಯುತ್ತಿದ್ದಳು, ನಾನು ತಿನ್ನುತ್ತಿದ್ದೆ. ಆಗ ಎದುರು ಮನೆಯ ಲವೀನಾ ಬಾಗಿಲು ತಟ್ಟಿದರು. ಲವೀನಾ ಮಂಗಳೂರಿನವರು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ರಜೆ ಸಿಕ್ಕರೆ ಸಾಕು, ಬೀದಿ ನಾಯಿಗಳನ್ನು ಎತ್ತಿ ತಂದು ಮೈ ತೊಳೆದು, ಹೊರದೇಶದಲ್ಲಿ ಸಾಕುವವರನ್ನು ಹುಡುಕಿ ವಿಮಾನ ಹತ್ತಿಸುವ ಗುಂಪಿನ ಜೊತೆ ಓಡಾಡುತ್ತಿರುತ್ತಾರೆ. ಅವರ ಕೈಯಲ್ಲಿ ಒಂದು ಟವೆಲಿನ ಗಂಟಿತ್ತು. ಗಂಟಿಗೆ ಎರಡು ಕಣ್ಣಿದ್ದವು.

"ಪ್ರಸಾದಣ್ಣ, ಒಂದು ಉಪಕಾರ ಆಗ್ಬೇಕಿತ್ತು. ಇವ ಅರ್ದಿಯಾದಲ್ಲಿ ಗೋಡೌನಿನ ಹಿಂದೆ ಸಿಕ್ಕಿದ್ದು. ಭಾರೀ ಪಾಪದ ನಾಯಿ ಮಾರಾಯ್ರೆ. ಕೆನಡಾದ ಒಬ್ಬರು ಅಜ್ಜಿ ಇವನನ್ನು ಸಾಕ್ತೇನೆ ಅಂದಿದ್ದಾರೆ. ವಿಮಾನ ಹತ್ತುವವರೆಗೆ ನಿಮ್ಮಲ್ಲಿ ಇಟ್ಕೊಳ್ಳಿ. ಶೆಲ್ಟರಿನಲ್ಲಿ ದೊಡ್ಡ ನಾಯಿಗಳ ಮಧ್ಯೆ ಇವ ಊಟವೇ ಮಾಡುದಿಲ್ಲ."

"ನಾಯಿ ಹೊಸಿಲು ದಾಟೋ ಹಾಗಿಲ್ಲ," ಎಂದಳು ವೀಣಾ ಅಡುಗೆಮನೆಯಿಂದಲೇ. ಗಂಟು ಅವಳನ್ನು ನೋಡಿತು. ಅವಳು ಗಂಟನ್ನು ನೋಡಿದಳು. "ಸರಿ, ಹಾಲ್‌ನಿಂದ ಈಚೆ ಬರೋ ಹಾಗಿಲ್ಲ," ಎಂದಳು.

ಲವೀನಾ ಒಂದು ಷರತ್ತು ಹೇಳಿದರು. ಆ ಕೆನಡಾದ ಅಜ್ಜಿಯ ಹೆಸರು ಮಾರ್ಗರೆಟ್, ನಿವೃತ್ತ ಶಾಲಾ ಶಿಕ್ಷಕಿ, ಮನೆಯಲ್ಲಿ ಒಬ್ಬರೇ. ಮಂಡಿಯ ಆಪರೇಷನ್ ಆಗಿ ಕೋಲು ಹಿಡಿದು ನಡೆಯುತ್ತಾರೆ. ಅವರು ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲು ಇಳಿಯುವಷ್ಟು ಹೊತ್ತು ನಾಯಿ ಹೇಳಿದ ಮಾತು ಕೇಳಿ ಕೂತಿರಬೇಕು. ಎಳೆದಾಡಿದರೆ ಅಜ್ಜಿ ನೆಲಕ್ಕೆ.

"ಕೂರ್ಲಿಕ್ಕೆ ಕಲೀದಿದ್ರೆ ಅವರು ಬೇರೆ ನಾಯಿ ತಗೊಳ್ತಾರೆ ಪ್ರಸಾದಣ್ಣ. ಇವ ವಾಪಸ್ ಶೆಲ್ಟರಿಗೆ," ಎಂದರು ಲವೀನಾ.

"ಅಷ್ಟೇನಾ? ನನಗೆ ಬಿಡಿ," ಎಂದೆ ನಾನು. ವೀಣಾ ಸೌಟು ಹಿಡಿದು ನನ್ನನ್ನೇ ನೋಡಿದಳು. ಬಾತ್‌ರೂಮಿನ ನಲ್ಲಿ ರಿಪೇರಿಯನ್ನು ನನಗೆ ಬಿಟ್ಟಾಗ ಕೆಳಗಿನ ಮನೆಯವರು ಛತ್ರಿ ಹಿಡಿದದ್ದು ಅವಳಿಗೆ ನೆನಪಾಗಿರಬೇಕು.

ಕಾಗದಪತ್ರದಲ್ಲಿ ಅವನ ಹೆಸರು ಪೀನಟ್. ಬಣ್ಣವೂ ಗಾತ್ರವೂ ಹಾಗೇ ಇದ್ದವು. ಸಂಜೆಯೊಳಗೆ ನಮ್ಮ ಮನೆಯಲ್ಲಿ ಅವನು ಕಡ್ಲೆಯಾದ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ನೆಟ್ಟಗಿದ್ದ ಕಿವಿ ವೀಣಾಳ ಕಡೆಗೆ, ಮಡಚಿದ್ದು ನನ್ನ ಕಡೆಗೆ. ಇದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮರುದಿನವೇ ತರಬೇತಿ ವಿಧ್ಯುಕ್ತವಾಗಿ ಆರಂಭವಾಯಿತು. ಕಂಟ್ರೋಲ್ ರೂಮಿನ ದನಿಯಲ್ಲಿ "ಸಿಟ್!" ಎಂದೆ. ಕಡ್ಲೆ ಎ.ಸಿ.ಯನ್ನು ನೋಡಿದ. "ಸಿಟ್!" ಎಂದೆ ಮತ್ತೆ. ಅವನು ನನ್ನ ಹೆಬ್ಬೆರಳು ನೆಕ್ಕಿ ಹೊರಟುಹೋದ.

ತಪ್ಪು ಅವನದಲ್ಲ ಎಂದು ನಾನು ವೈಜ್ಞಾನಿಕವಾಗಿ ತರ್ಕಿಸಿದೆ. ಹುಟ್ಟಿದ್ದು ಅರ್ದಿಯಾದಲ್ಲಿ, ಇಂಗ್ಲಿಷ್ ಎಲ್ಲಿಂದ ಬರಬೇಕು? ಕೆಳಗೆ ಹೋಗಿ ನಮ್ಮ ಕಟ್ಟಡ ಕಾಯುವ ಈಜಿಪ್ಟಿನ ಹಾರಿಸ್ ಬಳಿ ಅರಬ್ಬಿಯಲ್ಲಿ 'ಕೂತ್ಕೋ' ಎನ್ನುವುದು ಹೇಗೆಂದು ಕೇಳಿಕೊಂಡು ಬಂದೆ. ಆ ಪದ ಗಂಟಲಿನ ತಳದಿಂದ ಬರಬೇಕಿತ್ತು. ನನ್ನ ಗಂಟಲಿನ ತಳದಿಂದ ಕೆಮ್ಮು ಬಂತು. ಅರ್ಧ ಗಂಟೆ ಅಭ್ಯಾಸ ಮಾಡುವಷ್ಟರಲ್ಲಿ ವೀಣಾ ಮೆಣಸಿನ ಕಷಾಯ ಕುದಿಸಿ ತಂದಿಟ್ಟಳು. ಕುಡಿದೆ. ಏನು ಮಾಡುವುದು!

ಗೋಡೌನಿನ ಹುಡುಗರೆಲ್ಲ ಮಾತಾಡುವುದು ಹಿಂದಿ ಎಂದು ನೆನಪಾಗಿ "ಬೈಠ್ ಜಾ ಭಾಯಿ" ಎಂದೆ. ಭಾಯಿ ಎಂದದ್ದನ್ನು ಅವನು ವಿಪರೀತ ಹಚ್ಚಿಕೊಂಡು ಅಂಗಾತ ಮಲಗಿ ಹೊಟ್ಟೆ ತೋರಿಸಿದ. ಕೊನೆಗೆ ಕನ್ನಡಕ್ಕೆ ಬಂದೆ. "ಕೂತ್ಕೋ ಕಂದಾ, ಕೂತ್ಕೋ ರಾಜಾ" ಎಂದು ಗೋಗರೆದೆ. ಇದನ್ನೆಲ್ಲ ನೋಡುತ್ತಿದ್ದ ಮಗಳು ನಿಧಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಅಪ್ಪಾ, ಶೋ ಹಿಮ್," ಎಂದಳು.

ಒಳ್ಳೆಯ ಸಲಹೆ. ಮಾಡಿ ತೋರಿಸಿದರೆ ಕಲಿಯದವರಾರು? ನಾನು ನಾಲ್ಕು ಕಾಲಿನ ಮೇಲೆ ನಿಂತು, ಗಂಭೀರವಾಗಿ ಹಿಂಭಾಗ ಊರಿ ಕೂತು, ಬಹುಮಾನವಾಗಿ ಲವೀನಾ ಕೊಟ್ಟಿದ್ದ ನಾಯಿ ಬಿಸ್ಕತ್ತನ್ನು ನನ್ನ ಬಾಯಿಗೆ ಇಟ್ಟುಕೊಂಡೆ. ಉಪ್ಪು ಕಡಿಮೆ. ಸರಿಯಾಗಿ ಆ ಮುಹೂರ್ತದಲ್ಲಿ ನೀರಿನ ಕ್ಯಾನ್ ಹೊತ್ತ ಹಾರಿಸ್ ಬಾಗಿಲಲ್ಲಿ ಪ್ರತ್ಯಕ್ಷನಾದ. ನಾನು ಬಾಯಲ್ಲಿ ಬಿಸ್ಕತ್ತು ಕಚ್ಚಿಕೊಂಡೇ ಸಲಾಂ ಹೇಳಿದೆ. ಅವನು ಕ್ಯಾನನ್ನು ಮೆಲ್ಲಗೆ ಇಳಿಸಿ, "ಮಾಲೇಶ್, ಮಾಲೇಶ್" ಎಂದು ಸಮಾಧಾನ ಹೇಳಿ ಬಾಗಿಲು ಮುಚ್ಚಿಕೊಂಡು ಹೋದ. ಅಂದಿನಿಂದ ಲಿಫ್ಟಿನಲ್ಲಿ ಸಿಕ್ಕರೆ ರೋಗಿಯನ್ನು ವಿಚಾರಿಸುವ ಹಾಗೆ ನನ್ನನ್ನು ವಿಚಾರಿಸುತ್ತಾನೆ.

"ಏನ್ರೀ ಇದು ಅವತಾರ!" ಎಂದು ವೀಣಾ ಒಳಗಿಂದ ಬಂದಳು. "ಸುಮ್ನೆ ಒಂದು ಕಡೆ ಕೂತ್ಕೊಳ್ರೀ!"

ನಾನು ಸೋಫಾದ ಮೇಲೆ ಕೂತೆ. ಪಾಪ, ಕಡ್ಲೆಯೂ ನನ್ನ ಕಾಲ ಬಳಿ ಬಂದು ಕೂತ. ಸಹಾನುಭೂತಿ ಎಂದುಕೊಂಡೆ.

ಸಂಜೆ ಬಿಸಿಲು ಇಳಿದ ಮೇಲೆ ಸಮುದ್ರದ ಪಕ್ಕ ಅವನನ್ನು ವಾಕಿಂಗ್ ಕರೆದೊಯ್ಯುತ್ತಿದ್ದೆ. ಅಂದರೆ ಅವನು ನನ್ನನ್ನು ಕರೆದೊಯ್ಯುತ್ತಿದ್ದ. ಬೆಕ್ಕು ಕಂಡರೆ ಓಟ, ಪಾರಿವಾಳ ಕಂಡರೆ ಓಟ, ಯಾರದೋ ಮಗುವಿನ ಕೈಯಲ್ಲಿ ಐಸ್‌ಕ್ರೀಂ ಕಂಡರಂತೂ ಮಹಾ ಓಟ. ಪರಿಚಯದವರು "ಏನ್ ಪ್ರಸಾದ್, ಜಾಗಿಂಗ್ ಶುರು ಮಾಡಿದ್ರಾ?" ಎನ್ನುವರು. "ಹೂಂ, ಆರೋಗ್ಯ ಮುಖ್ಯ" ಎಂದು ಏದುಸಿರಿನಲ್ಲೇ ಉತ್ತರಿಸಿ ಮುಂದೆ ಹಾರುತ್ತಿದ್ದೆ. ಒಂದು ದಿನ ಮಾತ್ರ ಅವನು ಎಳೆದ ರಭಸಕ್ಕೆ ಮುಗ್ಗರಿಸಿ ಅಂಗೈ ತರಚಿಕೊಂಡೆ. ಆಗ ನಿಜಕ್ಕೂ ಹೆದರಿಕೆಯಾಯಿತು. ಗಟ್ಟಿಮುಟ್ಟಾದ ನನ್ನದೇ ಈ ಗತಿಯಾದರೆ ಕೋಲು ಹಿಡಿದ ಮುದುಕಿಯ ಪಾಡೇನು? ಅವರು ಬೇಡ ಎಂದರೆ ಇವನ ಪಾಡೇನು? ಕಡ್ಲೆ ವಾಪಸ್ ಬಂದು ನನ್ನ ತರಚಿದ ಅಂಗೈ ಮೂಸಿ ನೋಡಿದ. ಇವನನ್ನು ಮತ್ತೆ ಶೆಲ್ಟರಿನ ಮೂಲೆಗೆ ಕಳಿಸುವುದು ನನ್ನಿಂದಾಗದು ಎಂದು ಅಲ್ಲೇ ಅನ್ನಿಸಿತು. ಅಷ್ಟರಲ್ಲಿ ವೀಣಾಳ ಕಾನೂನು "ಸೋಫಾ ಹತ್ತೋ ಹಾಗಿಲ್ಲ" ಎಂಬಲ್ಲಿಗೆ ಹಿಮ್ಮೆಟ್ಟಿತ್ತು. ಅವಳು ಅದನ್ನು ಹೇಳಿದ್ದು ಸೋಫಾದ ಮೇಲೆ ಅವನ ಬೆನ್ನು ಕೆರೆಯುತ್ತ.

ಪರೀಕ್ಷೆಯ ದಿನ ಬಂತು. ಮಾರ್ಗರೆಟ್ ವಿಡಿಯೋ ಕಾಲಿನಲ್ಲಿ ಹುಡುಗನನ್ನು ನೋಡಲು ಬರುವವರಿದ್ದರು. ನಾನು ಮೇಲೆ ಇಸ್ತ್ರಿ ಶರ್ಟು, ಟೈ ತೊಟ್ಟು, ಕ್ಯಾಮರಾಕ್ಕೆ ಕಾಣಿಸದ ಕೆಳಭಾಗದಲ್ಲಿ ಪಂಚೆಯಲ್ಲೇ ಇದ್ದೆ. ನಿಧಿ ಫೋನ್ ಹಿಡಿದಳು. ಪರದೆಯ ಮೇಲೆ ಬೆಳ್ಳಿ ಕೂದಲಿನ ಹೆಂಗಸು, ಕುರ್ಚಿಗೆ ತೂಗುಬಿಟ್ಟ ಕೋಲು. ಕಡ್ಲೆಯನ್ನು ಕಂಡದ್ದೇ ಅವರ ಮುಖ ಅರಳಿತು. ಲವೀನಾ ನನ್ನ ಪಕ್ಕದಲ್ಲಿ ಶಿಲುಬೆ ಗುರುತು ಹಾಕಿಕೊಂಡರು.

"ಸಿಟ್," ಎಂದೆ ನಾನು ಗಾಂಭೀರ್ಯದಿಂದ.

ಕಡ್ಲೆ ಪಂಚೆಯ ಚುಂಗು ಕಚ್ಚಿದ. ನಾನು ಬಿಡಿಸಿಕೊಳ್ಳಲು ಒಂದು ಸುತ್ತು ತಿರುಗಿದೆ. ಅವನೂ ತಿರುಗಿದ. ಇದು ಹೊಸ ಆಟವೆಂದು ಅವನಿಗೆ ಖುಷಿ. ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ಟೈ ಹಿಡಿದು ನಾನು ಬುಗುರಿಯಂತೆ ತಿರುಗುತ್ತಲೇ ಇಂಗ್ಲಿಷಿನಲ್ಲಿ ಮಾರ್ಗರೆಟ್ಟರ ಆರೋಗ್ಯ ವಿಚಾರಿಸಿದೆ. ಟೀಪಾಯಿ ಮಗುಚಿತು. ಹೂದಾನಿ ಉರುಳಿತು.

ಅಡುಗೆಮನೆಯ ಬಾಗಿಲಲ್ಲಿ ವೀಣಾ ಕಾಣಿಸಿಕೊಂಡಳು. "ಏನ್ರೀ ಅದು ಕುಣಿತ? ಸುಮ್ನೆ ಒಂದು ಕಡೆ ಕೂತ್ಕೊಳ್ರೀ!"

ನಾನು ಇದ್ದಲ್ಲೇ ನೆಲಕ್ಕೆ ಕೂತೆ. ಎಲ್ಲ ಮುಗಿಯಿತು, ಕಡ್ಲೆಯ ಕೆನಡಾ ಹೋಯಿತು ಎಂದು ತಲೆ ತಗ್ಗಿಸಿದೆ. ಆದರೆ ಫೋನಿನಿಂದ ಚಪ್ಪಾಳೆ ಕೇಳಿಸಿತು! ತಿರುಗಿ ನೋಡಿದರೆ ಕಡ್ಲೆ ನನ್ನ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ, ಮುಂಗಾಲು ಜೋಡಿಸಿ ಕೂತಿದ್ದ.

"ತರಬೇತಿಯಲ್ಲಿ ದೃಢತೆ ಮುಖ್ಯ ಮೇಡಂ," ಎಂದೆ ಇಂಗ್ಲಿಷಿನಲ್ಲಿ, ಟೈ ಸರಿ ಮಾಡಿಕೊಳ್ಳುತ್ತ.

"ಅಪ್ಪಾ, ಆಕ್ಚುಲಿ..." ಎಂದು ನಿಧಿ ಬಾಯಿ ತೆರೆದಳು. ದೊಡ್ಡವರು ಮಾತಾಡುವಾಗ ಮಧ್ಯೆ ಬರಬಾರದೆಂದು ಕಣ್ಣಲ್ಲೇ ಗದರಿಸಿದೆ.

ಮಾರ್ಗರೆಟ್ ಒಪ್ಪಿದರು. ಮುಂದಿನ ದಿನಗಳಲ್ಲಿ ನಾನು ಆಫೀಸ್ ಬಸ್ಸಿನಲ್ಲಿ ಪ್ರಾಣಿ ಮನಶ್ಶಾಸ್ತ್ರದ ಮೇಲೆ ಉಪನ್ಯಾಸ ಕೊಟ್ಟೆ. ಮಕ್ಕಳು ಮಾತು ಕೇಳದ ಸಹೋದ್ಯೋಗಿಗಳಿಗೂ ಸಲಹೆ ಕೊಟ್ಟೆ. ಒಬ್ಬರು ಬರೆದುಕೊಂಡರು.

ಟೊರಾಂಟೊಗೆ ಹೊರಟಿದ್ದ ಒಂದು ಕುಟುಂಬ ಅವನನ್ನು ಜೊತೆಯಲ್ಲಿ ಕರೆದೊಯ್ಯಲು ಒಪ್ಪಿತು. ವಿಮಾನ ನಿಲ್ದಾಣದಲ್ಲಿ ವೀಣಾ ತನ್ನ ಹಳೆಯ ಹತ್ತಿ ಸೀರೆಯನ್ನು ಮಡಚಿ ಅವನ ಪೆಟ್ಟಿಗೆಯೊಳಗೆ ಹಾಸಿದಳು. ಹೊಸಿಲು ದಾಟಬಾರದೆಂದವಳು ಆ ಪೆಟ್ಟಿಗೆಯ ಜಾಲರಿಗೆ ಕೆನ್ನೆ ಒತ್ತಿ ಜನರೆದುರೇ ಅತ್ತಳು. ನನಗೂ ಅಳು ಬಂತು. ಎ.ಸಿ. ಗಾಳಿ ಕಣ್ಣಿಗೆ ಹೊಡೆಯಿತು ಎಂದೆ. ಯಾರೂ ನಂಬಲಿಲ್ಲ. ಮನೆಗೆ ಬಂದರೆ ಸೋಫಾ ತುಂಬ ದೊಡ್ಡದಾಗಿ ಕಾಣುತ್ತಿತ್ತು.

ಅವನು ಹೋದ ವಾರದೊಳಗೆ ಲವೀನಾ ಸಪ್ಪೆ ಮುಖ ಹೊತ್ತು ಬಂದರು. ಕಡ್ಲೆ ಚೆನ್ನಾಗಿ ತಿನ್ನುತ್ತಾನೆ, ಅಜ್ಜಿಯ ಹಾಸಿಗೆಯಲ್ಲೇ ಮಲಗುತ್ತಾನೆ, ಆದರೆ ಏನು ಹೇಳಿದರೂ ಕೂರುವುದಿಲ್ಲ. ನಿನ್ನೆ ಅಳಿಲು ಕಂಡು ಮೆಟ್ಟಿಲಲ್ಲಿ ಎಳೆದನಂತೆ. ಅಜ್ಜಿ ಕಂಬಿ ಹಿಡಿದುಕೊಂಡದ್ದಕ್ಕೆ ಬಚಾವು. ಬೇರೆ ಯಾರಿಗಾದರೂ ಕೊಟ್ಟುಬಿಡಮ್ಮಾ ಎಂದು ಅವರ ಮಗಳು ಹಟ ಹಿಡಿದಿದ್ದಾಳೆ.

ಚಪಾತಿ ಲಟ್ಟಿಸುತ್ತಿದ್ದ ವೀಣಾಳ ಕೈ ನಿಂತಿತು. "ಇನ್ನೆಷ್ಟು ಮನೆ ಅಂತ ತಿರುಗ್ತಾನ್ರೀ ಆ ಮಗು? ನೀವು ಕಲಿಸಿದ್ದೇನು ಹಾಗಾದ್ರೆ?"

ನನ್ನ ವೃತ್ತಿಗೌರವದ ಪ್ರಶ್ನೆ! ಕೂಡಲೇ "ಸಿಟ್" ಎಂಬುದನ್ನು ಏರುದನಿಯಲ್ಲಿ, ಇಳಿದನಿಯಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ, ಕೆಮ್ಮಿನೊಡನೆ ಅರಬ್ಬಿಯಲ್ಲಿ ಧ್ವನಿಮುದ್ರಿಸಿ ಕೆನಡಾಕ್ಕೆ ಕಳಿಸಿದೆ. ಮಾರ್ಗರೆಟ್ ಎಲ್ಲವನ್ನೂ ಕೇಳಿಸಿದರು. ನನ್ನ ದನಿ ಕೇಳಿ ಕಡ್ಲೆಗೆ ಬಹಳ ಸಂತೋಷವಾಯಿತಂತೆ. ಬಾಲ ಅಲ್ಲಾಡಿಸಿದನಂತೆ. ಫೋನಿನ ಹಿಂದೆ ಹುಡುಕಿದನಂತೆ. ಕೂರಲಿಲ್ಲವಂತೆ.

ನಿಧಿ ನಿಟ್ಟುಸಿರು ಬಿಟ್ಟಳು. "ಅಪ್ಪಾ, ಹೀ ನೆವರ್ ಲಿಸನ್ಡ್ ಟು ಯು. ಅಮ್ಮ ಸೇಸ್ ಇಟ್, ಯು ಸಿಟ್. ಹೀ ಲುಕ್ಸ್ ಅಟ್ ಯು ಅಂಡ್ ಹೀ ಸಿಟ್ಸ್. ಎವ್ರಿ ಟೈಮ್!"

ಲವೀನಾ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಹೆಗಲು ಕುಲುಕುತ್ತಿತ್ತು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ ಕ್ಷೀಣವಾಗಿ.

"ಯು ವರ್ ಸೋ ಹ್ಯಾಪಿ, ಅಪ್ಪಾ."

ಕೂಡಲೇ ಕೆನಡಾಕ್ಕೆ ವಿಡಿಯೋ ಕಾಲ್ ಹೋಯಿತು. ಅಲ್ಲಿ ಮಾರ್ಗರೆಟ್, ಪಕ್ಕದಲ್ಲಿ ಗಂಟು ಮೋರೆಯ ಮಗಳು, ಕೋಣೆಯ ತುಂಬ ಓಡುತ್ತಿದ್ದ ಕಡ್ಲೆ. ವೀಣಾಳನ್ನು ಫೋನಿನ ಮುಂದೆ ನಿಲ್ಲಿಸಿ "ಹೇಳು" ಎಂದೆವು. ಅವಳು ನಾಚಿಕೊಂಡಳು. ಪಿಸುದನಿಯಲ್ಲಿ ಹೇಳಿದಳು. ಕಡ್ಲೆಯ ನೆಟ್ಟ ಕಿವಿ ತಿರುಗಿತು, ಅಷ್ಟೇ.

"ಹಾಗೆಲ್ಲ ಹೇಳಿ ಅಂದ್ರೆ ಬರಲ್ಲ ಕಣ್ರೀ. ಒಳಗಿಂದ ಕೋಪ ಬರ್ಬೇಕು. ನೀವು ಏನಾದ್ರೂ ಮಾಡಿ."

ಏನು ಮಾಡಲಿ? ಸುಮ್ಮನೆ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ಟೂಲು ಹತ್ತಿ, "ಈ ಎ.ಸಿ. ಸ್ವಲ್ಪ ಶಬ್ದ ಮಾಡ್ತಿದೆ, ಬಿಚ್ಚಿ ನೋಡಿಬಿಡ್ತೀನಿ" ಎಂದೆ.

"ಏನ್ರೀ!" ಎಂದು ಹೊರಟಿತು ನೋಡಿ ಒಳಗಿನಿಂದ. "ಸುಮ್ನೆ ಒಂದು ಕಡೆ ಕೂತ್ಕೊಳ್ರೀ!"

ಕೆನಡಾದಲ್ಲಿ ಕಡ್ಲೆ ಓಡುತ್ತಿದ್ದವನು ಗಕ್ಕನೆ ನಿಂತು, ಕೂತ. ಗಂಟು ಮೋರೆಯ ಮಗಳ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಆಮೇಲೆ ವೀಣಾ ಟೀಚರ್, ಮಾರ್ಗರೆಟ್ ವಿದ್ಯಾರ್ಥಿನಿ. ಸಂಜೆ ಸಂಜೆ ಪಾಠ ನಡೆಯಿತು. ಎಲ್ಲಿ ಒತ್ತಬೇಕು, ಎಲ್ಲಿ ಸೊಂಟಕ್ಕೆ ಕೈ ಹೋಗಬೇಕು, ಹುಬ್ಬು ಎಷ್ಟು ಏರಬೇಕು ಎಲ್ಲ ಹೇಳಿಕೊಟ್ಟಳು. ಅವರು ಮದುವೆಯಾಗಿ ಎಷ್ಟೋ ವರ್ಷವಾದ ಹೆಂಗಸರ ಹಾಗೆ ಬೇಗ ಕಲಿತರು. ಮೊನ್ನೆ ಶುಕ್ರವಾರ ಅಂತಿಮ ಪರೀಕ್ಷೆ. ಮಾರ್ಗರೆಟ್ ಕೋಟು ತೊಟ್ಟು, ಕಡ್ಲೆಯ ಹಗ್ಗ ಹಿಡಿದು ಬಾಗಿಲ ಹೊರಗೆ ನಿಂತರು. ಅವರ ಮಗಳು ಫೋನ್ ಹಿಡಿದಿದ್ದಳು. ಮರದ ಮೇಲೆ ಅಳಿಲು ಕಾಣಿಸಿತು. ಕಡ್ಲೆ ಮೈ ಬಿಗಿ ಮಾಡಿದ. ಇಲ್ಲಿ ನಾವೆಲ್ಲ ಎದ್ದು ನಿಂತು ಉಸಿರು ಬಿಗಿಹಿಡಿದೆವು.

ಒಂದು ಕಾಲದಲ್ಲಿ ತರಗತಿಗಳನ್ನೇ ನಡುಗಿಸಿದ ದನಿಯಿರಬೇಕು ಅದು. "ಏನ್ರೀ! ಸುಮ್ನೆ ಒಂದು ಕಡೆ ಕೂತ್ಕೊಳ್ರೀ!"

ಕಡ್ಲೆ ಕೂತ. ಮಾರ್ಗರೆಟ್ ಹಗ್ಗ ಬಿಟ್ಟು ನಿಧಾನವಾಗಿ ಬೀಗ ಹಾಕಿದರು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಅಳಿಲು ಅವರ ಮುಂದೆಯೇ ದಾಟಿ ಹೋಯಿತು. ಅವರು ಕೆಳಗಿಳಿದು ಕರೆಯುವವರೆಗೂ ಕಡ್ಲೆ ಕದಲಲಿಲ್ಲ. ಮಗಳು ಕಣ್ಣೊರೆಸಿಕೊಂಡು, ಇವನು ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದಳು. ಲವೀನಾ ವೀಣಾಳನ್ನು ತಬ್ಬಿಕೊಂಡರು. ನಿಧಿ ಕುಣಿದಳು.

ವೀಣಾ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಆಮೇಲೆ ಕೆಳಕ್ಕೆ ನೋಡಿದಳು.

"ಏಳ್ರೀ ಇನ್ನು. ಅವರು ಹೇಳಿದ್ದು ನಿಮಗಲ್ಲ," ಎಂದಳು.