ಬೀಗ ಹಾಕಿದ ಟೆಲಿಫೋನು

ನಮ್ಮ ಬೀದಿಯ ಕೊನೆ ಮನೆಯ ತಕ್ಕಡಿ ಸಾಹೇಬರನ್ನು ನಾನು ಬಹಳ ದಿನ ಟೆಲಿಫೋನ್ ಕಚೇರಿಯ ಮೇಲಧಿಕಾರಿ ಎಂದೇ ನಂಬಿದ್ದೆ. ತಪ್ಪು ನನ್ನದಲ್ಲ. ಅವರ ಕಿಟಕಿಯ ಪಕ್ಕ ಯಾವಾಗ ಹಾದರೂ, "ಎಷ್ಟು ಹೊತ್ತಿಗೆ ಲೈನು ಸತ್ತಿತು, ಬರೆದುಕೊಳ್ಳಿ! ಎಷ್ಟು ಹೊತ್ತಿಗೆ ಜೀವ ಬಂತು, ಅದನ್ನೂ ಬರೆದುಕೊಳ್ಳಿ!" ಎಂಬ ಗರ್ಜನೆ ಕೇಳುತ್ತಿತ್ತು. ಅಷ್ಟು ಜೋರಾಗಿ ಹುಕುಂ ಮಾಡುವವರು ಸಂಬಳವಿಲ್ಲದೆ ಮಾಡುತ್ತಾರೆಯೇ? ನನ್ನ ಮನೆಗೂ ಬೇಗ ಒಂದು ಫೋನು ಕೊಡಿಸಿ ಎಂದು ಅರ್ಜಿ ಬರೆದು ಒಂದು ದಿನ ಅವರ ಮುಂದೆ ಹಿಡಿದೆ. ಅವರು ಪೂರ್ತಿ ಓದಿ, ಎರಡು ಕಾಗುಣಿತ ತಿದ್ದಿ, ವಾಪಸು ಕೊಟ್ಟು ಹೇಳಿದರು: "ನಾನು ಅವರ ಅಧಿಕಾರಿ ಅಲ್ಲ ಕಣ್ರೀ, ಗಿರಾಕಿ."

ಅವರು ನಿವೃತ್ತರಾದದ್ದು ತೂಕ ಮತ್ತು ಅಳತೆ ಇಲಾಖೆಯಿಂದ. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸಿ, ತೂಕದ ಬಟ್ಟುಗಳಿಗೆ ಸರ್ಕಾರಿ ಮುದ್ರೆ ಒತ್ತಿದವರು. ಅವರ ನೆರಳು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅಂಗಡಿಯವರು ತಕ್ಕಡಿಯ ತಟ್ಟೆಯಡಿ ಅಂಟಿಸಿದ್ದ ಹುಣಸೆಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ. ನಿವೃತ್ತಿಯ ಮೇಲೆ ತೂಗಲು ಏನೂ ಉಳಿಯದೆ, ಮನೆಯನ್ನೇ ತೂಗತೊಡಗಿದರು. ಹಾಗಿರುವಾಗ ಆ ಬಿಲ್ಲು ಬಂತು.

"ಇವಳೇ! ಬಾ ಇಲ್ಲಿ. ಏನಿದು?"

"ಬಿಲ್ಲು," ಎಂದರು ಅವರ ಹೆಂಡತಿ.

"ಬಿಲ್ಲು ಅಂತ ನನಗೂ ಕಾಣುತ್ತೆ. ಹೋದ ಸಲದ ಮೂರರಷ್ಟು ಯಾಕಿದೆ?"

"ಎರಡು ತಿಂಗಳಲ್ಲಿ ಅರ್ಧಕ್ಕರ್ಧ ದಿನ ಲೈನೇ ಇರಲಿಲ್ಲ. ಸತ್ತ ಫೋನಲ್ಲಿ ನಾನೇನ್ರೀ ಮಾತಾಡ್ಲಿ?"

"ಬದುಕಿದ್ದ ದಿನ ಬಡ್ಡಿ ಸಮೇತ ಮಾತಾಡಿದೀಯ. ನಿಮ್ಮಕ್ಕನ ಜೊತೆ!"

ಅಕ್ಕ ಇರುವುದು ಬೇರೆ ಊರಿನಲ್ಲಿ. ಎರಡು ಕಣ್ಣಿಗೂ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಕಾಗದ ಬರೆದರೆ ಓದಲಾರರು. ಭಾನುವಾರದ ಫೋನೊಂದೇ ತಂಗಿಗೂ ಅಕ್ಕನಿಗೂ ಆಸರೆ.

"ವಾರಕ್ಕೆ ಹತ್ತು ನಿಮಿಷ, ಅಷ್ಟೇ. ಅದೂ ಒಲೆ ಮೇಲೆ ಹಾಲಿಟ್ಟು ಮಾತಾಡೋಕೆ ಕೂರ್ತೀನಿ, ಉಕ್ಕೋ ಹೊತ್ತಿಗೆ ಇಟ್ಟುಬಿಡ್ತೀನಿ."

"ಹಾಲು ಪ್ರಮಾಣೀಕೃತ ಮಾಪನ ಅಲ್ಲ!" ಎಂದು ಸಾಹೇಬರು ಎದ್ದು ನಿಂತರು.

ಮಧ್ಯಾಹ್ನದೊಳಗೆ ಡಯಲಿನ ತೂತಿಗೆ ಸಿಕ್ಕಿಸುವ ಪುಟ್ಟ ಹಿತ್ತಾಳೆ ಬೀಗವೊಂದು ಬಂತು. ಬೀಗದ ಕೈ ಅವರ ಸೊಂಟಕ್ಕೆ ಏರಿತು.

"ಈ ತಿಂಗಳು ಅಕ್ಕನ ಕಣ್ಣಿನ ಪಟ್ಟಿ ಬಿಚ್ತಾರೆ ಕಣ್ರೀ. ಕಣ್ಣು ಕಾಣಿಸ್ತೋ ಇಲ್ವೋ ಅಂತ ನಾನು ಕೇಳೋದು ಬೇಡ್ವಾ?"

"ಅವರೇ ಫೋನು ಮಾಡಲಿ. ಒಳಬರುವ ಕರೆಗೆ ಬೀಗವೂ ಇಲ್ಲ, ಕಾಸೂ ಇಲ್ಲ."

"ಸರಿ. ಇನ್ಮೇಲೆ ಆ ಪೆಟ್ಟಿಗೇನ ನಾನು ಧೂಳು ಒರೆಸೋಕೂ ಮುಟ್ಟಲ್ಲ."

ಮಾತಿಗೆ ತಪ್ಪದ ಹೆಂಗಸು, ಮುಟ್ಟಲಿಲ್ಲ. ಫೋನಿನ ಮೇಲೆ ಒಂದು ಪದರ ಧೂಳು ಕೂತಿತು. (ರಿಸೀವರಿನ ಹಿಡಿ ಮಾತ್ರ ಉಜ್ಜಿ ತೊಳೆದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ತನಿಖಾಧಿಕಾರಿಗಳ ಕಣ್ಣಿಗೆ ಅದು ಬೀಳಲಿಲ್ಲ.)

ಲೈನಿನ ಚಾಳಿಯೋ, ಹಾಗೇ ಮುಂದುವರಿಯಿತು. ಬೆಳಿಗ್ಗೆ ಉಸಿರೇ ಇಲ್ಲ. ಮಧ್ಯಾಹ್ನ ಕಾದ ಬಾಣಲೆಗೆ ನೀರು ಚಿಮುಕಿಸಿದ ಸದ್ದು. ಸಂಜೆ ಇದ್ದಕ್ಕಿದ್ದಂತೆ ಟಿಣ್ ಅಂದು ಜೀವ. ಆ ಟಿಣ್ ಕಿವಿಗೆ ಬಿದ್ದದ್ದೇ ತಡ, ಸಾಹೇಬರು ಬೀಗ ತೆಗೆದು ದೂರು ವಿಭಾಗಕ್ಕೆ ಫೋನು ಹಚ್ಚುತ್ತಿದ್ದರು.

"ನನ್ನ ಲೈನು ಸತ್ತಿದೆ!"

"ಸಾರ್, ಈಗ ಯಾವ ಲೈನಲ್ಲಿ ಮಾತಾಡ್ತಿದ್ದೀರಿ?"

"ಅದರಲ್ಲೇ. ಆದರೆ ನಿನ್ನೆ ಸತ್ತಿತ್ತು, ನಾಳೆ ಸಾಯುತ್ತೆ!"

"ಒಂದ್ನಿಮಿಷ ಸಾರ್."

ಆ ಕಡೆ ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು. ಆಮೇಲೆ ಫ್ಯಾನಿನ ಸದ್ದು, ಕುರ್ಚಿ ಎಳೆದ ಸದ್ದು, ದೂರದಲ್ಲಿ ಲೋಟದ ಸದ್ದು. ಬೇರೆಯವರಾಗಿದ್ದರೆ ಫೋನು ಕುಕ್ಕುತ್ತಿದ್ದರು. ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು ಕಾದು ಪಳಗಿದ ಜೀವ ಇದು. ಮುಕ್ಕಾಲು ಗಂಟೆ ಅಲುಗಾಡದೆ ಕಾಯುತ್ತಿತ್ತು.

"ಬಿಲ್ಲಿನ ಹಿಂದೆ ಮೂರಂಕಿ ನಂಬರಿದೆ, ದೂರಿಗೆ ಪುಕ್ಕಟೆಯಂತೆ. ಅದಕ್ಕೇ ಮಾಡಬಾರ್ದಾ?" ಎಂದರು ಹೆಂಡತಿ, ಅಡುಗೆಮನೆಯಿಂದಲೇ.

"ಪುಕ್ಕಟೆ ಅಂತ ಬೋರ್ಡು ಹಾಕಿದ ಅಂಗಡೀಲೇ ತೂಕದಲ್ಲಿ ಮೋಸ ಜಾಸ್ತಿ. ನಾನು ಕಂಡಿಲ್ವಾ? ಆ ಮೇಜಿನ ನೇರ ನಂಬರನ್ನೇ ಪತ್ತೆ ಮಾಡಿ ತಂದಿದೀನಿ," ಎಂದು ಸಾಹೇಬರು ಗೋಡೆಗೆ ಅಂಟಿಸಿದ ಚೀಟಿ ತೋರಿಸಿದರು. ಪ್ರತಿ ಸಲವೂ ಅದನ್ನು ನೋಡಿಕೊಂಡೇ ತಿರುಗಿಸುತ್ತಿದ್ದರು. ಬರೆದಿಟ್ಟದ್ದನ್ನು ಬಾಯಿಪಾಠ ಮಾಡುವುದು ಅವರ ದೃಷ್ಟಿಯಲ್ಲಿ ಲೇಖನಿಗೆ ಅವಮಾನ.

ಮುಂದಿನ ಬಿಲ್ಲು ಬಂತು. ಆರರಷ್ಟು!

ಸಾಹೇಬರ ಮುಖ ಕೆಂಪಾಗಿ, ನೇರಳೆಯಾಗಿ, ಕೊನೆಗೆ ಗಂಭೀರವಾಯಿತು. ಬೀಗ ಭದ್ರ, ಬೀಗದ ಕೈ ಸೊಂಟದಲ್ಲಿ, ಆದರೂ ಬಿಲ್ಲು ಬೆಳೆದಿದೆ! ಹೆಂಡತಿ ನಿರ್ದೋಷಿ ಎಂದು ಅಲ್ಲೇ ತೀರ್ಪು ಕೊಟ್ಟರು. (ಕ್ಷಮೆ ಕೇಳುವುದು ತೀರ್ಪಿನ ಭಾಗವಾಗಿರಲಿಲ್ಲ.) ಅಪರಾಧಿ ಸಾಕ್ಷಾತ್ ಟೆಲಿಫೋನ್ ಕಚೇರಿಯೇ!

"ನಾಳೆ ಹೋಗಿ ಅವರ ಮೀಟರಿನ ಮಾನ ಹರಾಜು ಹಾಕ್ತೀನಿ."

"ನಾನೂ ಬರ್ತೀನಿ," ಎಂದರು ಹೆಂಡತಿ. "ಎರಡು ತಿಂಗಳಾಯ್ತು ಅಕ್ಕನ ದನಿ ಕೇಳಿ. ಯಾರು ಕಿತ್ಕೊಂಡ್ರು ಅಂತ ನಾನೂ ನೋಡ್ಬೇಕು."

ಕಚೇರಿಯಲ್ಲಿ ಸಾಲು ಬಾಗಿಲ ತನಕ ಇತ್ತು. ಕೌಂಟರಿನಲ್ಲಿ ದಾರ ಕಟ್ಟಿದ ಕನ್ನಡಕದ ಹೆಣ್ಣುಮಗಳೊಬ್ಬಳು ಎರಡೂ ಬಿಲ್ಲಿನ ಕರೆಗಳ ಪಟ್ಟಿ ತೆಗೆದು ಕೊಟ್ಟಳು. ಪಟ್ಟಿ ಪಂಚೆಯಷ್ಟು ಉದ್ದವಿತ್ತು. ಸಾಹೇಬರು ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಸಾಲಿನತ್ತ ತಿರುಗಿ, ರಾಜಪತ್ರ ಓದುವ ಧಾಟಿಯಲ್ಲಿ ಶುರುಮಾಡಿದರು.

"ನೋಡಿ ಮಹಾಜನರೇ! ಒಂದೇ ನಂಬರಿಗೆ ನೂರಾ ಹದಿನೇಳು ಕರೆ! ನಲವತ್ತು ನಿಮಿಷ, ಐವತ್ತೆರಡು ನಿಮಿಷ! ಯಾವ ಕಳ್ಳ ನನ್ನ ತಂತಿಗೆ ಕೊಕ್ಕೆ ಹಾಕಿದ್ದಾನೆ?"

"ರೀ, ಈ ನಂಬರು ಎಲ್ಲೋ ನೋಡಿದ ಹಾಗಿದೆ..."

"ನೀನು ಸುಮ್ನಿರು. ಏನಮ್ಮಾ, ಈ ನಂಬರಿಗೆ ಈಗಲೇ ಮಾಡು. ಎತ್ತಿದವನ ಕೊರಳಪಟ್ಟಿ ಹಿಡೀತೀನಿ!"

ಹೆಣ್ಣುಮಗಳು ನಿಟ್ಟುಸಿರು ಬಿಟ್ಟು ನಂಬರು ತಿರುಗಿಸಿದಳು. ಪಕ್ಕದ ಮೇಜಿನ ಫೋನು ಟ್ರಿಣ್ ಟ್ರಿಣ್ ಎಂದಿತು. ಅಲ್ಲಿದ್ದ ಗುಮಾಸ್ತ ತಲೆಯೆತ್ತದೆ ರಿಸೀವರು ತೆಗೆದುಕೊಂಡು, "ಹೇಳಿ ಸಾರ್. ನಿನ್ನೆ ಸತ್ತಿತ್ತು, ನಾಳೆ ಸಾಯುತ್ತೆ, ಅಲ್ವಾ? ಒಂದ್ನಿಮಿಷ," ಎಂದು ಅದನ್ನು ಮೇಜಿನ ಮೇಲೆ ಮಲಗಿಸಿ, ಲೋಟ ಹಿಡಿದು ಎದ್ದು ಹೋದ.

ಸಾಲು ಬಿದ್ದು ಬಿದ್ದು ನಕ್ಕಿತು. ಸಾಹೇಬರ ಕೈಯ ಪಟ್ಟಿ ನಿಧಾನವಾಗಿ ಸುರುಳಿ ಸುತ್ತಿಕೊಂಡಿತು.

"ನಮ್ಮಕ್ಕನ ಊರಿಗೆ ಎಷ್ಟು ಕರೆ ಇದೆ ನೋಡಮ್ಮಾ," ಎಂದರು ಹೆಂಡತಿ.

"ಹಿಂದಿನ ಬಿಲ್ಲಲ್ಲಿ ಐದು. ಒಂದೂ ಹತ್ತು ನಿಮಿಷ ದಾಟಿಲ್ಲ ಅಮ್ಮ. ಈ ಬಿಲ್ಲಲ್ಲಿ ಸೊನ್ನೆ."

ಹೆಂಡತಿ ಗಂಡನತ್ತ ತಿರುಗಿದರು. "ಈಗ ಹಾಲಿಗೆ ಮುದ್ರೆ ಒತ್ತಿಕೊಡ್ತೀರೋ?"

ಸಾಹೇಬರು ಮನೆಗೆ ಬಂದು ಫೋನಿನ ಬೀಗ ತೆಗೆದರು. ಹೆಂಡತಿ ಅಂಗೈ ಚಾಚಿದರು. ಬೀಗವೂ ಬೀಗದ ಕೈಯೂ ಅದಕ್ಕೆ ಬಿದ್ದವು. ಆ ಹೊತ್ತು ಲೈನು ಬದುಕಿತ್ತು. ಅಕ್ಕನ ಜೊತೆ ಮಾತು ಮುಗಿದ ಮೇಲೆ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಏನಂತೆ?"

"ಪಟ್ಟಿ ಬಿಚ್ಚಿ ತಿಂಗಳ ಮೇಲಾಯ್ತಂತೆ. ಸೂಜಿಗೆ ದಾರ ಪೋಣಿಸ್ತಾಳಂತೆ." ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದರು. "ದಿನಾ ಫೋನು ಮಾಡಿದ್ಲಂತೆ. ಒಂದೋ ಲೈನಿಲ್ಲ, ಇಲ್ಲಾ ಎಂಗೇಜು. ಈ ವಯಸ್ಸಲ್ಲಿ ನಿಮ್ಮ ಯಜಮಾನ್ರಿಗೆ ಯಾರಾದ್ರೂ ಗಂಟು ಬಿದ್ದಿದ್ದಾರೇನೇ ಅಂದ್ಲು."

"ನೀನೇನಂದೆ?"

"ಹೂಂ ಅಂದೆ."

ಹೋದ ಭಾನುವಾರ ಸಾಹೇಬರು ಗೇಟಿನ ಹತ್ತಿರ ಒಬ್ಬರೇ ನಿಂತಿದ್ದರು. ಕಿಟಕಿಯಿಂದ ಗರ್ಜನೆಯಿಲ್ಲ. ಒಳಗೆ ಯಾರೋ ಬಿಡುವಿಲ್ಲದೆ ನಗುತ್ತಿದ್ದ ಸದ್ದು, ಅದರ ಜೊತೆಗೆ ಹಾಲು ಉಕ್ಕಿ ಸೀದ ವಾಸನೆ. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಏನ್ ಸಾಹೇಬ್ರೇ, ನಿಮ್ಮ ಲೈನು ಈಗ ಸರಿಹೋಯ್ತಾ?"

"ನನಗೇನ್ರೀ ಗೊತ್ತು? ಬೀಗದ ಕೈ ಅವಳ ಹತ್ರ ಇದೆ."