ಮೂರು ರೊಟ್ಟಿಗೊಂದು ಚೀಟಿ

ತೊಂಬತ್ತರ ದಶಕದ ಒಂದು ಕಬ್ಬಿನ ಹಂಗಾಮಿನಲ್ಲಿ, ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಒಂದು ಎತ್ತಿನ ಗಾಡಿಗೆ ತೂಕದ ಚೀಟಿ ತಡವಾಗಿ ಸಿಕ್ಕಿತು. ಪ್ರಾಣಹಾನಿ ಆಗಲಿಲ್ಲ. ಎತ್ತುಗಳು ಆರೋಗ್ಯವಾಗಿದ್ದವು. ಆದರೆ ಗಾಡಿ ಒಬ್ಬ ನಿರ್ದೇಶಕರ ಅಳಿಯನದಾಗಿದ್ದರಿಂದ ಆಡಳಿತ ಮಂಡಳಿಯ ತುರ್ತು ಸಭೆ ಸೇರಿತು. ಕಂಪ್ಯೂಟರ್ ಇರುವಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗ ಅದರ ಮುಂದೆ ಕೂತವನು ನಾನಾಗಿದ್ದೆ, ಅಷ್ಟೇ.

೧. ಅಳತೆ

ಗಾಡಿ ಕಾಟಾದ, ಅಂದರೆ ತೂಕದ ಕಟ್ಟೆಯ, ಮೇಲೆ ಬಂದು ನಿಂತರೆ ಗುಮಾಸ್ತ ರೈತನ ನಂಬರು ಒತ್ತುತ್ತಿದ್ದ. ಒಳಗಿನ ಕೋಣೆಯಲ್ಲಿದ್ದ ದೊಡ್ಡ ಯಂತ್ರ, ಅಂದರೆ ಸರ್ವರ್, ಆ ರೈತನ ಹೆಸರು, ಹೊಲ, ಕಬ್ಬಿನ ತಳಿ ಎಲ್ಲ ಹುಡುಕಿ ತೂಕದ ಚೀಟಿ ಕೊಡುತ್ತಿತ್ತು. ತಡವೆಲ್ಲ ಆ ಹುಡುಕಾಟದಲ್ಲಿ.

ಎಷ್ಟು ತಡ ಎಂದು ನಾನು ಗಡಿಯಾರ ಹಿಡಿದು ಬರೆದುಕೊಟ್ಟೆ. ಎಂ.ಡಿ. ಸಾಹೇಬರು ಅದನ್ನು ನಂಬಲಿಲ್ಲ. ಕಾಟಾದ ಪಕ್ಕ ಮೂರು ಕಲ್ಲಿಟ್ಟು, ಕಬ್ಬಿನ ಒಣ ರವದಿ ಉರಿಸಿ, ಗಾಡಿಗಳ ಜೊತೆ ಬರುವ ಕಬ್ಬು ಕಡಿಯುವ ಟೋಳಿಗೆ, ಅಂದರೆ ಕೂಲಿಗಳ ತಂಡಕ್ಕೆ, ರೊಟ್ಟಿ ಬಡಿಯುತ್ತಿದ್ದ ಒಬ್ಬ ಹೆಂಗಸಿದ್ದಳು. ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದರು. ಸಾಹೇಬರು ನೇರ ಅಲ್ಲಿಗೆ ಹೋದರು.

"ಮಾವಶಿ, ಒಂದ್ ಚೀಟಿ ಬರೂದ್ರಾಗ ಎಷ್ಟ್ ರೊಟ್ಟಿ ಆಗ್ತಾವ?"

"ಮೂರ್ ಆಗ್ತಾವ್ರಿ ಸಾಹೇಬ್ರ. ನಿನ್ನಿ ನಾಕನೇದೂ ಆಗಿತ್ತು, ಹೊತ್ತಿ ಹೋತು."

ಸಾಹೇಬರು ನನ್ನ ಕಡೆ ತಿರುಗಿದರು. "ಸೋಮವಾರದೊಳಗ ಒಂದ್ ರೊಟ್ಟಿಗೆ ಬರಬೇಕು ನೋಡ್ರಿ. ಇಲ್ಲಾಂದ್ರ ನೀವು ಮತ್ತ ಯಾರ್ಡಿಗೆ ಹೋಗಿ ಗಾಡಿ ಎಣಸ್ರಿ."

ನಾನು ಮೊದಲು ನಾಲ್ಕು ಹಂಗಾಮು ಬಿಸಿಲಲ್ಲಿ ನಿಂತು ಗಾಡಿ ಎಣಿಸಿದವನೇ. ಈಗ ಕೂತಿದ್ದು ತಂಪು ಯಂತ್ರದ ಕೋಣೆಯಲ್ಲಿ. ಇಡೀ ಕಾರ್ಖಾನೆಯಲ್ಲಿ ಅಂಥ ಕೋಣೆ ಎರಡೇ, ಇನ್ನೊಂದು ಎಂ.ಡಿ. ಸಾಹೇಬರದು. ಆ ದಿನದಿಂದ ನನಗೆ ಊಟ ಸೇರಲಿಲ್ಲ. ತಾಟಿನಲ್ಲಿ ರೊಟ್ಟಿ ಕಂಡರೆ ಎಣಿಸತೊಡಗುತ್ತಿದ್ದೆ.

೨. ಬಾಯಿತನಕ

ಯಂತ್ರದ ಕೈಪಿಡಿಯಲ್ಲಿ ಬಫರ್ ಎಂಬ ಮದ್ದು ಹೇಳಿತ್ತು. ಪ್ರತಿ ಕಾಗದಕ್ಕೂ ಗೋದಾಮಿಗೆ ಓಡುವ ಬದಲು ಪದೇಪದೇ ಬೇಕಾದದ್ದನ್ನು ಮೇಜಿನ ಮೇಲೇ ಇಟ್ಟುಕೊಂಡ ಹಾಗೆ. ಗೋದಾಮು ಎಂದರೆ ಡಿಸ್ಕು, ಮೇಜು ಎಂದರೆ ಯಂತ್ರದ ಮೆಮರಿಯಲ್ಲಿ ಬಫರಿಗೆ ಬಿಟ್ಟುಕೊಟ್ಟ ಜಾಗ. ಮೇಜು ದೊಡ್ಡದಾದಷ್ಟೂ ಓಡಾಟ ಕಡಿಮೆ.

ಹೆದರಿದವನು ಹದ ನೋಡುವುದಿಲ್ಲ. ಇದ್ದಬದ್ದ ಮೆಮರಿಯನ್ನೆಲ್ಲ ನಾನು ಬಫರಿಗೆ ಕೊಟ್ಟುಬಿಟ್ಟೆ. ಯಂತ್ರಕ್ಕೆ ತನ್ನ ಕೆಲಸ ಮಾಡಿಕೊಳ್ಳಲು ಜಾಗವೇ ಉಳಿಯಲಿಲ್ಲ. ಅದು ಮೇಜನ್ನೇ ಹೊತ್ತು ಗೋದಾಮಿಗೆ ಹೋಗಿ ಬರತೊಡಗಿತು. ಏಳು ರೊಟ್ಟಿ.

ಮುಖ ತಪ್ಪಿಸಿಕೊಳ್ಳಲು ನಾನು ಸಕ್ಕರೆ ಪಾಕ ಕುದಿಸುವ ಪ್ಯಾನಿನ ಕಡೆ ಹೋದೆ. ಅಲ್ಲಿದ್ದ ಅಥಣಿಯ ಹಿರಿಯ ಕಾಕಾ ಚಹಾ ಕೊಟ್ಟು, ನನ್ನ ಕಥೆ ಕೇಳಿ, ಪ್ಯಾನಿನ ಗಾಜಿನ ಕಿಂಡಿ ತೋರಿಸಿದರು.

"ಇದನ್ನ ಬಾಯಿತನಾ ತುಂಬಿದ್ರ ಪಾಕ ಕುದಿಯೂದು ಎಲ್ಲಿ ತಮ್ಮಾ? ಮುಕ್ಕಾಲು ತುಂಬು, ಕಾಲು ಉಗಿಗೆ ಬಿಡು. ನಿನ್ನ ಡಬ್ಬಿಗೆ ಉಗಿ ಇಲ್ಲೇನು?"

ಹೋಗಿ ಬಫರ್ ಇಳಿಸಿದೆ. ಎರಡು ರೊಟ್ಟಿಗೆ ಬಂತು. ಇದೇ ಮಾತು ಕೈಪಿಡಿಯ ಕೊನೆಯ ಪುಟದಲ್ಲಿಯೂ ಇತ್ತೆಂದು ಆಮೇಲೆ ಗೊತ್ತಾಯಿತು. ಆ ಪುಟವನ್ನು ಹರಿದು, ಮಡಚಿ, ಅಲುಗಾಡುತ್ತಿದ್ದ ಪ್ರಿಂಟರಿನ ಕಾಲಿಗೆ ಕೊಟ್ಟವನು ನಾನೇ.

೩. ತಪಾಸಣೆ

ಎರಡರಿಂದ ಕೆಳಗೆ ಇಳಿಯಲೊಲ್ಲದು. ಅದೂ ಹತ್ತು ನಿಮಿಷಕ್ಕೊಮ್ಮೆ ಯಂತ್ರ ದಿಢೀರನೆ ಮಂಕಾಗುತ್ತಿತ್ತು. ಶನಿವಾರ ಕಾರಣ ಸಿಕ್ಕಿತು. ಪಕ್ಕದ ಕೋಣೆಯ ಕಬ್ಬು ಅಧಿಕಾರಿಗಳು ಹತ್ತು ನಿಮಿಷಕ್ಕೊಮ್ಮೆ ಇಡೀ ಹಂಗಾಮಿನ ರೈತರ ಯಾದಿ ತರಿಸಿ ನೋಡುತ್ತಿದ್ದರು.

"ಇದು ಯಾಕ್ ಬೇಕ್ರಿ ಸರ?"

"ನಿಮ್ಮ ಮಷಿನ್ ಚುರುಕ್ ಆಗೇತೋ ಇಲ್ಲೋ ನೋಡಾಕತ್ತೀನ್ರಿ. ಸಾಹೇಬ್ರು ಹೇಳ್ಯಾರ."

ಅವರ ಯಾದಿ ಬಂದು ಕೂತಾಗಲೆಲ್ಲ ಕಾಟಾಕ್ಕೆ ಬೇಕಾದ ಕಾಗದ ಮೇಜಿನಿಂದ ಕೆಳಗೆ ಬೀಳುತ್ತಿತ್ತು. ಜ್ವರ ಬಿಟ್ಟಿದೆಯೇ ಎಂದು ನೋಡಲು ರೋಗಿಯನ್ನು ಪದೇಪದೇ ಹೊಳೆಯಲ್ಲಿ ಅದ್ದಿದ ಹಾಗೆ. ನಾನು ಕೈಮುಗಿದು, ಇದನ್ನು ನಿಲ್ಲಿಸಿ ಎಂದೆ.

"ಹಂಗಾದ್ರ ಸಾಹೇಬ್ರಿಗೆ ನಾ ಏನಂತ ವರದಿ ಕೊಡ್ಲಿ?"

"ಮಾವಶಿ ಹತ್ರ ಕುಂತು ಎಣಸ್ರಿ ಸರ."

ಅವರು ಹೋಗಿ ಕೂತರು, ಎಣಿಸಿದರು. ಎಣಿಸುತ್ತ ಒಂದೊಂದು ರೊಟ್ಟಿ ಚಟ್ನಿ ಹಚ್ಚಿ ತಿಂದಿದ್ದರಿಂದ ಆ ದಿನದ ವರದಿಯಲ್ಲಿ ಪ್ರಗತಿ ಇದ್ದುದಕ್ಕಿಂತ ಹೆಚ್ಚು ಕಂಡಿತು.

೪. ಸೋಮವಾರ

ಸೋಮವಾರ ಮುಂಜಾನೆ ಎಂ.ಡಿ. ಸಾಹೇಬರು ಒಲೆಯ ಪಕ್ಕ ನಿಂತರು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ಮಾವಶಿ ಹಂಚಿಗೆ ರೊಟ್ಟಿ ಹಾಕಿದಳು. ಅದನ್ನು ಮಗುಚುವ ಮೊದಲೇ ಚೀಟಿ ಹೊರಗೆ ಬಂತು. ಅಂಕಲಿಯ ಗಾಡಿ, ಮಂಗಸೂಳಿಯ ಗಾಡಿ, ರಾಯಬಾಗದ ಕಡೆಯ ಟ್ರ್ಯಾಕ್ಟರು, ಒಂದರ ಹಿಂದೊಂದು ಕಾಟಾ ದಾಟಿದವು. ಸಾಹೇಬರು ನನ್ನ ಬೆನ್ನು ತಟ್ಟಿದರು. ಅಂದು ಮಧ್ಯಾಹ್ನ ನಾನು ನಾಲ್ಕು ರೊಟ್ಟಿ ಉಂಡೆ.

ಕೈ ತೊಳೆದು ಬರುವಷ್ಟರಲ್ಲಿ ಕಿಟಕಿಯಲ್ಲಿ ಮಾವಶಿ. ಕೈತುಂಬ ಹಿಟ್ಟು.

"ಇದೇನ್ ಮಾಡಿದ್ರಿ ಕಂಪ್ಯೂಟರ್ ಸಾಹೇಬ್ರ? ಹಂಚು ಕಾಯೂದ್ರಾಗ ಗಾಡಿ ಮುಂದ ಹೊಂಟೈತಿ. ಟೋಳಿ ಪೂರಾ ಉಪಾಸ ಐತಿ!"

ಅವಳ ಹಿಂದೆ ಕಬ್ಬು ಅರೆಯುವ ಮಿಲ್ಲಿನ ಹಿರಿಯ ಎಂಜಿನಿಯರು. "ನಿಮ್ಮ ಚೀಟಿ ಓಡ್ತಾವ್ರಿ. ನನ್ನ ಮಿಲ್ಲು ಓಡಬೇಕಲ್ಲ? ಅದಕ್ಕೂ ಏನರ ಬಫರ್ ಐತೇನು?"

ಹೊರಗೆ ನೋಡಿದೆ. ಕಾಟಾದ ಮುಂದೆ ಒಂದು ಗಾಡಿಯೂ ಇಲ್ಲ. ತೂಕವಾದ ಕಬ್ಬೆಲ್ಲ ಮಿಲ್ಲಿನ ಬಾಯಿಯ ಮುಂದೆ ಗುಡ್ಡವಾಗಿ, ಬಿಸಿಲಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತ ಬಿದ್ದಿದೆ. ಸಾಲು ಕರಗಿರಲಿಲ್ಲ, ಜಾಗ ಬದಲಿಸಿತ್ತು.

ಎಂ.ಡಿ. ಸಾಹೇಬರು ಕರೆಸಿದರು. ಯಾರ್ಡಿನ ಬಿಸಿಲು ಆಗಲೇ ನನ್ನ ನೆತ್ತಿಗೆ ತಾಗಿತು. ಅವರು ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿದರು.

"ಇಷ್ಟ್ ದಿನ ಕಬ್ಬು ತೂಕದ ಮೊದ್ಲ ಒಣಗ್ತಿತ್ತು, ರೈತರದ್ದು ಒಣಗ್ತಿತ್ತು. ಈಗ ತೂಕ ಆದಮ್ಯಾಲ ಒಣಗಾಕತ್ತೈತಿ. ನಮ್ದು ಒಣಗಾಕತ್ತೈತಿ."

"ಏನ್ ಮಾಡ್ಲಿರಿ ಸರ?"

ಸಾಹೇಬರು ಕಿಟಕಿಯಾಚೆ ಮಾವಶಿಯ ಒಲೆಯ ಕಡೆ ಕೈ ತೋರಿಸಿದರು.

"ಆ ಬಡವಿ ಟೋಳಿಗೆ ಉಣಸಬೇಕಲ್ರಿ," ಎಂದರು. "ಮೂರ್ ರೊಟ್ಟಿ ಚಲೋ ಇತ್ತು."

ಸಂಜೆಗೆ ಬಫರನ್ನು ಮೊದಲಿದ್ದ ಸಂಖ್ಯೆಗೆ ಇಳಿಸಲಾಯಿತು. ಹಂಗಾಮು ಮುಗಿಯುವವರೆಗೂ ಒಂದು ಚೀಟಿಗೆ ಮೂರು ರೊಟ್ಟಿಯ ಹೊತ್ತು ಹಿಡಿಯಿತು. ನಾನು ತಂಪು ಕೋಣೆಯಲ್ಲೇ ಉಳಿದೆ.